ಚರಂಡಿ ನೀರಲ್ಲಿ ಒಗೆದ ಬಿಳಿ ಅಂಗಿ

ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಪಾಪ, ಆ ಹೆಸರು ಮದುವೆಯ ಕರೆಯೋಲೆಯಲ್ಲಿ ಒಂದು ಸಲ ಅಚ್ಚಾದದ್ದು ಬಿಟ್ಟರೆ ಮತ್ತೆಲ್ಲೂ ತಲೆ ಹಾಕಿರಲಿಲ್ಲ. ಬೀದಿಯವರಿಗೆಲ್ಲ ಅವನು ‘ಅದೇನ್ಮಹಾ’. ಯಾರು ಏನೇ ಹೇಳಲಿ, “ಅದೇನ್ ಮಹಾ!” ಎಂಬ ಪಲ್ಲವಿ ಇಲ್ಲದೆ ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಪಕ್ಕದ ಮನೆಯವರು ಜಾರಿಬಿದ್ದು ಕಾಲು ಮುರಿದುಕೊಂಡರೆ, “ಅದೇನ್ ಮಹಾ, ನಮ್ಮ ಚಿಕ್ಕಪ್ಪ ಎರಡೂ ಕಾಲು ಮುರ್ಕೊಂಡಿದ್ರು” ಎನ್ನುತ್ತಿದ್ದ. ಯಾರದೋ ಮಗಳು ವಿಮಾನ ಹತ್ತಿದಳು ಎಂದರೆ, “ಅದೇನ್ ಮಹಾ, ಹತ್ತೋದು ಸುಲಭ, ಇಳಿಯೋದೇ ಕಷ್ಟ” ಎನ್ನುತ್ತಿದ್ದ. ಅವನು ಈವರೆಗೆ ಹತ್ತಿ ಇಳಿದ ಅತಿ ಎತ್ತರದ ಜಾಗವೆಂದರೆ ಲಾಂಡ್ರಿಯ ಏಣಿ.

ಕೆಲಸಕ್ಕಿದ್ದದ್ದು ಆ ಲಾಂಡ್ರಿಯಲ್ಲೇ. ಗಿರಾಕಿಗಳು ತಂದ ಬಟ್ಟೆಯನ್ನು ಕೌಂಟರಿನ ಮೇಲೆ ಹರಡಿ, ಇದು ಚಹಾದ ಕಲೆ, ಇದು ಮಸಿ, ಇದು ಗ್ರೀಸು, ಇದರ ಬಗ್ಗೆ ಕೇಳದಿರುವುದೇ ಒಳ್ಳೆಯದು ಎಂದು ವಿಂಗಡಿಸಿ, ಗುರುತಿನ ಚೀಟಿ ಕಟ್ಟಿ ಒಳಗೆ ಕಳಿಸುವುದು ಅವನ ಉದ್ಯೋಗ. ಬಿಳಿ ಬಟ್ಟೆ ಎಂದರೆ ಅವನಿಗೆ ಜೀವ. ತಾನೂ ದಿನಾ ಬಿಳಿ ಅಂಗಿಯನ್ನೇ ತೊಡುತ್ತಿದ್ದ. ಅದಕ್ಕೆ ಹಾಕಿದ ಗಂಜಿಯ ಬಿಗುವಿನಿಂದಾಗಿ ಕತ್ತು ತಿರುಗಿಸಬೇಕಾದರೆ ಸೊಂಟದಿಂದಲೇ ತಿರುಗುತ್ತಿದ್ದ.

ವಾಸವಿದ್ದ ಮನೆ ಅವನದಲ್ಲ, ಅತ್ತೆಯದು. ಅಂದರೆ ಅವನು ಮನೆ ಅಳಿಯ. ಅತ್ತೆ ಒಂದು ದಿನವೂ ಇದನ್ನು ಆಡಿ ತೋರಿಸಿದವರಲ್ಲ. ಆಡದೆಯೇ ತೋರಿಸುವ ವಿದ್ಯೆ ಅವರಿಗಿತ್ತು. ಮನೆಯಾದರೂ ಬೀದಿಯ ತಗ್ಗಿನ ತುದಿಯಲ್ಲಿ, ನಗರಸಭೆಯ ಖಾಲಿ ಜಾಗಕ್ಕೆ ಬೆನ್ನು ಹಾಕಿಕೊಂಡು ನಿಂತಿತ್ತು. ಮೇಲಿನ ಪೇಟೆಯ ರಸ್ತೆಯಿಂದ ಬರುವ ಚರಂಡಿ ಆ ಖಾಲಿ ಜಾಗದಲ್ಲಿ ಬಾಯಿ ಬಿಡುತ್ತಿತ್ತು. ಮಳೆ ಬಿತ್ತೆಂದರೆ ಪೇಟೆಯ ಧೂಳು, ಟಯರಿನ ಮಸಿ, ಲಾರಿಗಳ ಎಣ್ಣೆ, ತರಕಾರಿ ಮಾರ್ಕೆಟ್ಟಿನ ಕೊಳೆ ಎಲ್ಲ ಒಟ್ಟಿಗೆ ಇಳಿದುಬಂದು, ಜಾಗ ತುಂಬಿ, ಹಿತ್ತಲ ಬಾಗಿಲ ಹೊಸ್ತಿಲು ದಾಟಿ, ನೇರ ಅಡುಗೆಮನೆಗೆ ಬರುತ್ತಿತ್ತು. ಪ್ರತಿ ಮಳೆಗಾಲದಲ್ಲೂ ಹೊಸ್ತಿಲಿಗೆ ಮರಳಿನ ಮೂಟೆ ಅಡ್ಡ ಇಡುತ್ತಿದ್ದರು. ನೀರು ಮೂಟೆಯನ್ನು ಒಂದು ಸುತ್ತು ನೋಡಿಕೊಂಡು ಒಳಗೆ ಬರುತ್ತಿತ್ತು.

ಆ ಕರಿ ನೀರಿನಲ್ಲಿ ದೊಡ್ಡ ಪಾಲು ಅವನ ಷಡ್ಡಕನದು. ಹೆಂಡತಿಯ ಅಕ್ಕನ ಗಂಡನಾದ ಈ ಮಹಾಶಯ ಪೇಟೆ ರಸ್ತೆಯಲ್ಲಿ ಕಾರು, ಲಾರಿ ತೊಳೆಯುವ ಅಂಗಡಿ ಇಟ್ಟಿದ್ದ. ದಿನವಿಡೀ ಗ್ರೀಸಿನ ನಡುವೆ ನಿಂತರೂ ತೊಡುವುದು ಹಾಲಿನಂಥ ಬಿಳಿ ಸಫಾರಿ ಸೂಟು. ಅದನ್ನು ಒಗೆಯಲು ಕೊಡುತ್ತಿದ್ದದ್ದು ಅದೇನ್ಮಹಾನ ಕೌಂಟರಿಗೇ.

ಒಂದು ಭಾನುವಾರ ಅಕ್ಕ–ಭಾವ ಊಟಕ್ಕೆ ಬಂದಿದ್ದರು. ಷಡ್ಡಕ ಕೈ ತೊಳೆಯುವ ಮೊದಲೇ ವಿಷಯಕ್ಕೆ ಬಂದ.

“ಅತ್ತೇ, ಈ ಮನೆ ನನಗೆ ಕೊಟ್ಬಿಡಿ. ಒಡೆದು ಕಾರು ನಿಲ್ಸೋ ಜಾಗ ಮಾಡ್ತೀನಿ. ನಿಮ್ಮೆಲ್ಲರಿಗೂ ನನ್ನ ಅಂಗಡಿ ಮೇಲೆ ಒಂದು ರೂಮಿದೆ. ಗಾಳಿ ಬೆಳಕು ಅಂತೂ ಕೇಳ್ಲೇಬೇಡಿ.”

“ಯಾಕೆ ಭಾವ, ಕೇಳ್ಬಾರ್ದು?” ಎಂದಳು ಅದೇನ್ಮಹಾನ ಹೆಂಡತಿ.

ಷಡ್ಡಕನಿಗೆ ಆ ಪ್ರಶ್ನೆ ಕೇಳಿಸಲಿಲ್ಲ. “ಎಷ್ಟು ವರ್ಷ ಅಂತ ಕೊಚ್ಚೆ ಬಾಚ್ತೀರಿ? ಆ ನೀರನ್ನ ಶುದ್ಧ ಮಾಡ್ಬೇಕು ಅಂದ್ರೆ ಹೊರದೇಶದಿಂದ ಯಂತ್ರ ಬರ್ಬೇಕು. ಇಲ್ಲಿರೋರ ಕೈಲಿ ಆಗೋ ಕೆಲಸ ಅಲ್ಲ ಅದು.”

ಹೀಗೆಂದು ಅವನು ಅದೇನ್ಮಹಾನ ಕಡೆ ನೋಡಿದ. ನೋಡಬಾರದಿತ್ತು.

“ಅದೇನ್ ಮಹಾ!” ಎಂದ ಅದೇನ್ಮಹಾ. “ಯಂತ್ರ ಯಾಕಣ್ಣಾ? ಒಂದು ಗುಂಡಿ ತೋಡಿದ್ರೆ ಹೂಳು ತಳಕ್ಕೆ ಕೂತ್ಕೊಳ್ಳುತ್ತೆ. ಆಮೇಲೆ ಜಲ್ಲಿಕಲ್ಲು, ಮರಳು ಹಾಸಿ, ಅದ್ರಲ್ಲಿ ಜೊಂಡುಹುಲ್ಲು ನೆಟ್ರೆ ಮುಗೀತು. ಬೇರು ಕೊಳೇನೆಲ್ಲ ಹಿಡ್ಕೊಳ್ಳುತ್ತೆ. ಈ ಕಡೆಯಿಂದ ಕೊಚ್ಚೆ ಬಿಟ್ರೆ ಆ ಕಡೆಯಿಂದ ಕನ್ನಡಿ ಹಂಗೆ ನೀರು ಬರುತ್ತೆ. ಅದಕ್ಕೆ ಜೌಗು ತೋಟ ಅಂತಾರೆ.”

ಇಷ್ಟು ಜ್ಞಾನ ಅವನಿಗೆ ಬಂದದ್ದು ಹಿಂದಿನ ಗುರುವಾರ, ಲಾಂಡ್ರಿಯ ಗೋಡೆಗೆ ನೇತುಹಾಕಿದ್ದ ಟೀವಿಯಿಂದ. ದಪ್ಪ ಕನ್ನಡಕದ ಹೆಂಗಸೊಬ್ಬರು ಇದನ್ನೆಲ್ಲ ಚಂದವಾಗಿ ವಿವರಿಸಿ, ಬೆರಳೆತ್ತಿ, “ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಏನಪ್ಪಾ ಅಂದರೆ—” ಎನ್ನುವಷ್ಟರಲ್ಲಿ ಕರೆಂಟು ಹೋಗಿತ್ತು. ಆ ಮುಖ್ಯವಾದದ್ದು ಏನೆಂಬುದು ಇವನಿಗೆ ಗೊತ್ತಾಗಲೇ ಇಲ್ಲ. ಊಟದ ಮೇಜಿನ ಮುಂದೆ ಅದನ್ನು ಹೇಳುವ ಅಗತ್ಯವೂ ಕಾಣಲಿಲ್ಲ.

“ಕನ್ನಡಿ ಹಂಗೆ?” ಷಡ್ಡಕ ಹೊಟ್ಟೆ ಹಿಡಿದುಕೊಂಡು ನಕ್ಕ. “ಹಂಗಾದ್ರೆ ನಿನ್ನ ಈ ಬಿಳಿ ಅಂಗೀನ ಆ ನೀರಲ್ಲಿ ಒಗೀತೀಯೇನಪ್ಪಾ?”

“ಅದೇನ್ ಮಹಾ! ಒಗೆದು, ಒಣಗಿಸಿ, ಎಲ್ಲರ ಮುಂದೆ ಹಾಕ್ಕೊಂಡು ಓಡಾಡ್ತೀನಿ.”

ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಹೊತ್ತು ಮೀರಿತ್ತು. ಅತ್ತೆ ನೀರಿನ ಲೋಟ ಕೆಳಗಿಟ್ಟು, ಅದರ ಅಂಚನ್ನು ಬೆರಳಿನಿಂದ ಒರೆಸಿ, ತೀರ್ಪು ಕೊಟ್ಟರು.

“ಅಳಿಯಂದ್ರೇ, ಮಾತು ನಿಮ್ಮದೇ. ಬರೋ ಮಳೆಗಾಲದವರೆಗೆ ಕಾಯ್ತೀನಿ. ಆ ನೀರಲ್ಲಿ ನಿಮ್ಮ ಅಂಗಿ ಒಗೀಬೇಕು. ಅಂಗಿ ಬಿಳಿಯಾಗಿದ್ರೆ ಮನೆ ಇಲ್ಲೇ ಇರುತ್ತೆ. ಒಂದೇ ಒಂದು ಕಲೆ ಕಂಡ್ರೂ ಬೀಗದ ಕೈ ದೊಡ್ಡ ಅಳಿಯಂದ್ರಿಗೆ.”

ಮನೆಯೇ ಪಣಕ್ಕೆ ಬಿತ್ತು. ಹೆಂಡತಿ ಎದ್ದುಹೋಗಿ ಅಡುಗೆಮನೆಯ ಗೋಡೆಗೆ ಒರಗಿ ನಿಂತಳು. ಅವಳು ಹುಟ್ಟಿದ್ದು ಆ ಮನೆಯಲ್ಲಿ, ನಡೆಯಲು ಕಲಿತದ್ದು ಆ ಗೋಡೆ ಹಿಡಿದು. ಭಾವನ ಅಂಗಡಿಯ ಮೇಲಿನ ರೂಮನ್ನು ಅವಳು ಒಮ್ಮೆ ನೋಡಿದ್ದಳು. ಅಲ್ಲಿ ಕಿಟಕಿ ಇರಬೇಕಾದ ಜಾಗದಲ್ಲಿ ಫ್ಯಾನಿತ್ತು, ಫ್ಯಾನಿರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ಅತ್ತೆ ಈ ಪಂದ್ಯದ ಸುದ್ದಿಯನ್ನು ಗುಟ್ಟಾಗಿಟ್ಟರು. ಅಂದರೆ, ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರಿಗೆ ಮಾತ್ರ ಹೇಳಿದರು. ಹೆಡ್‌ಮಾಸ್ಟರರು ಅದಕ್ಕೆ ತಮ್ಮ ಕಡೆಯಿಂದ ಸ್ವಲ್ಪ ಅಲಂಕಾರ ಸೇರಿಸಿ ನಗರಸಭೆಗೆ ಹೋಗಿ ಇಂಜಿನಿಯರ್ ಸಾಹೇಬರ ಕಿವಿಗೆ ಹಾಕಿದರು: ನಮ್ಮ ಬೀದಿಯಲ್ಲಿ ಜೌಗು ತೋಟದ ತಜ್ಞರೊಬ್ಬರು ಎಲೆಮರೆಯ ಕಾಯಿಯಂತೆ ಇದ್ದಾರೆ.

ಇಂಜಿನಿಯರ್ ಸಾಹೇಬರಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಮೇಲಿನಿಂದ ಅವರಿಗೆ ಆದೇಶ ಬಂದಿತ್ತು. ಮಳೆನೀರಿನ ಕೊಳೆ ತೆಗೆಯಲು ಮಳೆಗಾಲದೊಳಗೆ ಒಂದು ಜೌಗು ತೋಟ ಮಾಡಿ ತೋರಿಸಬೇಕು, ಕಮಿಷನರು ಸ್ವತಃ ಬಂದು ನೋಡುತ್ತಾರೆ. ಸಾಹೇಬರು ಜೀವಮಾನವಿಡೀ ಕಟ್ಟಿದ್ದು ಕಾಂಕ್ರೀಟು. ಹುಲ್ಲು ಎಂದರೆ ಅವರಿಗೆ ಕಾಂಕ್ರೀಟು ಬಿರುಕು ಬಿಟ್ಟಾಗ ಕಾಣಿಸಿಕೊಳ್ಳುವ ವಸ್ತು. ಮರುದಿನವೇ ಅವರು ಜೀಪಿನಲ್ಲಿ ಲಾಂಡ್ರಿಗೆ ಬಂದಿಳಿದರು.

“ಈ ಕ್ಷೇತ್ರದಲ್ಲಿ ಎಷ್ಟು ವರ್ಷದ ಅನುಭವ ನಿಮ್ಮದು?”

ಅದೇನ್ಮಹಾ ಕೌಂಟರನ್ನೇ ಕ್ಷೇತ್ರವೆಂದು ತಿಳಿದ. “ಇಪ್ಪತ್ತು ವರ್ಷ ಆಯ್ತು ಸಾರ್.”

“ಇಪ್ಪತ್ತು! ಎಂಥೆಂಥ ಕೊಳೆ ತೆಗೆದಿದ್ದೀರಿ?”

“ಗ್ರೀಸು, ಡಾಂಬರು, ಬಣ್ಣ, ಮಸಿ, ಯಾವುದನ್ನೂ ಬಿಟ್ಟಿಲ್ಲ ಸಾರ್.”

“ಭಾರಿ ಪ್ರಮಾಣದಲ್ಲಿ?”

“ಮದುವೆ ದಿನಗಳಲ್ಲಿ ಭಾರಿಯೇ ಸಾರ್.”

ಮದುವೆಗೂ ಚರಂಡಿಗೂ ಏನು ಸಂಬಂಧ ಎಂದು ಸಾಹೇಬರು ಒಂದು ಕ್ಷಣ ಯೋಚಿಸಿದರು. ಆದರೆ ಹೆಚ್ಚು ಯೋಚಿಸಿದರೆ ಈ ತಜ್ಞ ಕೈಬಿಟ್ಟುಹೋಗಬಹುದೆಂಬ ಭಯವಿತ್ತು. “ಆ ಖಾಲಿ ಜಾಗದಲ್ಲಿ ಒಂದು ಜೌಗು ತೋಟ ಮಾಡಿಕೊಡಿ. ಕೂಲಿಯವರು, ಜಲ್ಲಿ, ಮರಳು ಎಲ್ಲ ನಮ್ಮದು. ಬುದ್ಧಿ ನಿಮ್ಮದು. ಆಗುತ್ತಾ?” ಎಂದರು.

ಇಲ್ಲ ಎನ್ನಲು ಅದೇನ್ಮಹಾ ಬಾಯಿ ತೆರೆದ. ಇಪ್ಪತ್ತು ವರ್ಷದ ಅಭ್ಯಾಸ ಅವನಿಗಿಂತ ಮೊದಲೇ ಮಾತಾಡಿತು. “ಅದೇನ್ ಮಹಾ ಸಾರ್!”

ಕೆಲಸ ಶುರುವಾಯಿತು. ಚರಂಡಿ ಬಾಯಿ ಬಿಡುವಲ್ಲಿ ಒಂದು ದೊಡ್ಡ ಗುಂಡಿ. ಅದಕ್ಕೆ ತಜ್ಞರ ಅಪ್ಪಣೆಯೇ ಬೇಕಿರಲಿಲ್ಲ, ಅಲ್ಲಿ ಆಗಲೇ ಅರ್ಧ ಗುಂಡಿ ಇತ್ತು. ಅಲ್ಲಿಂದ ಆಚೆ ತುದಿಯ ತನಕ ಜಲ್ಲಿ, ಮರಳು ತುಂಬಿದ ಅಗಲವಾದ ಕಾಲುವೆ. ಅದೇನ್ಮಹಾ ದಾರ ಹಿಡಿದು, ಸುಣ್ಣದ ಪುಡಿ ಚೆಲ್ಲಿ, ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಯಂತೆ ನೇರವಾದ ಗೀಟು ಎಳೆದ. ಮೇಸ್ತ್ರಿ ಗುದ್ದಲಿ ಎತ್ತಿದ. ಅಷ್ಟರಲ್ಲಿ ಹೆಡ್‌ಮಾಸ್ಟರರು ಕೊಡೆ ಅಡ್ಡ ಹಿಡಿದು ನಿಂತರು.

ಹೆಡ್‌ಮಾಸ್ಟರರಿಗೆ ಎದುರುಸಾಲಿನಲ್ಲಿ ಒಂದು ಮನೆಯಾದರೆ, ಈ ಜಾಗದ ಪಕ್ಕಕ್ಕೆ ಅಂಟಿಕೊಂಡು ಒಂದು ಓದುವ ಕೋಣೆ. “ಕಾಲುವೆ ಆಗ್ಲಿ, ನಾನು ಬೇಡ ಅನ್ನಲ್ಲ. ಲೋಕಕಲ್ಯಾಣದ ಕೆಲಸ. ಆದ್ರೆ ನನ್ನ ಓದೋ ಕೋಣೆ ಕಿಟಕಿ ಕೆಳಗೆ ಬೇಡ. ವಾಸನೆ ಬಂದ್ರೆ ನನಗೆ ಅಕ್ಷರ ಕಾಣಲ್ಲ.”

“ಅದೇನ್ ಮಹಾ ಮೇಷ್ಟ್ರೇ, ಸ್ವಲ್ಪ ಆ ಕಡೆ ತಿರುಗ್ಸಿದ್ರಾಯ್ತು.”

ಆ ಕಡೆ ತಿರುಗಿಸಿದರೆ ಅಲ್ಲಿ ಟೈಲರನ ಹಿತ್ತಲ ಗೋಡೆ. ಟೈಲರು ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಓಡಿಬಂದ. “ಅಯ್ಯೋ ಅಣ್ಣಾ, ಗೋಡೆ ತೇವ ಹಿಡಿದ್ರೆ ಗಿರಾಕಿಗಳ ಕೋಟೆಲ್ಲ ಬೂಷ್ಟು ಹಿಡಿಯುತ್ತೆ! ನನ್ನ ಹೊಟ್ಟೆ ಮೇಲೆ ಹೊಡೀಬೇಡಿ!”

“ಅದೇನ್ ಮಹಾ, ಈ ಕಡೆ ತಿರುಗ್ಸೋಣ.”

ಈ ಕಡೆ ಬೇಕರಿಯಮ್ಮನ ಒಲೆಮನೆ. ಆಕೆ ಹಿಟ್ಟಿನ ಕೈ ಸೊಂಟಕ್ಕೆ ಕೊಟ್ಟು ಬಾಗಿಲಲ್ಲೇ ನಿಂತಿದ್ದಳು. “ಸೊಳ್ಳೆ ಬಂದು ನನ್ನ ಬನ್ನಿನ ಮೇಲೆ ಕೂತ್ರೆ, ಜನ ಅದನ್ನ ದ್ರಾಕ್ಷಿ ಅಂತ ತಿಂತಾರೇನಪ್ಪಾ? ತಿರುಗ್ಸು ಅತ್ಲಾಗೆ!”

ಅತ್ಲಾಗೆ ತಿರುಗಿಸಿದರೆ ಮತ್ತೆ ಹೆಡ್‌ಮಾಸ್ಟರರ ಕೋಣೆಯ ಇನ್ನೊಂದು ಕಿಟಕಿ. ಅವರು ಮತ್ತೆ ಕೊಡೆ ಹಿಡಿದು ಸಿದ್ಧರಾಗಿಯೇ ಇದ್ದರು. ಹೀಗೆ ಕಾಲುವೆ ಒಬ್ಬರ ಮುಖ ತಪ್ಪಿಸಿ ಇನ್ನೊಬ್ಬರ ಮುಂದೆ ಹೋಗಿ, ಅಲ್ಲಿಯೂ ಬೈಸಿಕೊಂಡು ಬಂದ ದಾರಿಗೇ ಹಿಂತಿರುಗಿ, ಸಾಲಗಾರರಿಗೆ ಹೆದರಿ ಸಂದಿಗೊಂದಿಯಲ್ಲಿ ಓಡಾಡುವವನಂತೆ ಇಡೀ ಜಾಗವನ್ನು ಸುತ್ತಿ ಸುತ್ತಿ ಹೇಗೋ ಆಚೆ ತುದಿ ಮುಟ್ಟಿತು. ಮೇಸ್ತ್ರಿ ದಿಬ್ಬದ ಮೇಲೆ ನಿಂತು ಅದನ್ನು ನೋಡಿ ತಲೆಯ ಮೇಲೆ ಕೈ ಹೊತ್ತ.

“ಸ್ವಾಮಿ, ಇದು ಕಾಲುವೇನೋ, ಬಿಚ್ಚಿ ಬಿಸಾಕಿದ ಪಾಯಿಜಾಮದ ಲಾಡೀನೋ?”

ಸಂಜೆ ಇಂಜಿನಿಯರ್ ಸಾಹೇಬರು ಬಂದು ಅದೇ ದಿಬ್ಬದ ಮೇಲೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಾಲುವೆ ಆಗಲೂ ನೇರವಾಗಲಿಲ್ಲ.

“ಇದೇನ್ರೀ ಇದು? ಯಾಕಿಷ್ಟು ಡೊಂಕು?”

ಅದೇನ್ಮಹಾ ಸುತ್ತ ನೋಡಿದ. ಹೆಡ್‌ಮಾಸ್ಟರರು ಆಕಾಶ ನೋಡುತ್ತಿದ್ದರು, ಟೈಲರು ಸೂಜಿಗೆ ದಾರ ಪೋಣಿಸುತ್ತಿದ್ದ, ಬೇಕರಿಯಮ್ಮ ಬಾಗಿಲು ಹಾಕಿಕೊಂಡಿದ್ದಳು. “ಅದೇ ಸಾರ್ ಇದರ ಗುಟ್ಟು” ಎಂದುಬಿಟ್ಟ.

“ಓಹೋ!” ಎಂದರು ಸಾಹೇಬರು, ಗುಟ್ಟು ಗೊತ್ತಾದವರಂತೆ.

ರೈಲು ಹಳಿಯ ಪಕ್ಕದ ಹಳೆಯ ಕೆರೆಯಂಗಳದಿಂದ ಗಂಡ ಹೆಂಡತಿ ಗೋಣಿಚೀಲಗಳಲ್ಲಿ ಜೊಂಡು ಕಿತ್ತು ತಂದರು. ಹೆಂಡತಿ ತನ್ನ ಅಂಗಳದಲ್ಲಿದ್ದ ಕಾಬಾಳೆಯ ಗೆಡ್ಡೆಗಳನ್ನೂ ತಿರುವುಗಳಲ್ಲಿ ನೆಟ್ಟಳು. “ಇದ್ಯಾಕೆ?” ಎಂದು ಇವನು ಕೇಳಿದ್ದಕ್ಕೆ, “ಮನೆ ಹೋದ್ರೆ ಇದೂ ಹೋಗುತ್ತಲ್ಲಾ, ಇಲ್ಲಾದ್ರೂ ಇರ್ಲಿ” ಎಂದಳು. ಅದಕ್ಕೆ ಏನಾದರೂ ಹೇಳಬೇಕೆನ್ನಿಸಿತು. ಆದರೆ ಆ ಸಲ ಅವನ ಪಲ್ಲವಿ ಬಾಯಿಗೆ ಬರಲಿಲ್ಲ. ಸುಮ್ಮನೆ ಗುಣಿ ತೋಡಿದ.

ಷಡ್ಡಕನ ಅಂಗಡಿಯಿಂದ ದಿನಾ ಒಸರಿ ಬರುತ್ತಿದ್ದ ನೀರನ್ನೇ ಕುಡಿದು ಗಿಡಗಳು ಮಳೆಗಾಲದ ಹೊತ್ತಿಗೆ ಎದೆಯೆತ್ತರ ಬೆಳೆದವು. ಕಾಬಾಳೆ ಕೆಂಪು, ಹಳದಿ ಹೂ ಬಿಟ್ಟಿತು. ಆದರೆ ಆ ಒಸರು ನೀರು ಮೊದಲ ತಿರುವುಗಳಲ್ಲೇ ಇಂಗಿಹೋಗುತ್ತಿತ್ತು; ಆಚೆ ತುದಿಯ ಕೊಳವೆಯಿಂದ ಒಂದು ತೊಟ್ಟೂ ಬಂದಿರಲಿಲ್ಲ. ಕೊಳವೆಯಲ್ಲಿ ಬರುವುದು ಹಾಲೋ ಹಾಲಾಹಲವೋ ಯಾರಿಗೂ ಗೊತ್ತಿರಲಿಲ್ಲ. ಅದೇನ್ಮಹಾ ಲಾಂಡ್ರಿಯ ಟೀವಿಯ ಮುಂದೆ ದಿನಾ ಕಾದ. ಕನ್ನಡಕದ ಹೆಂಗಸು ಮತ್ತೆ ಬರಲಿಲ್ಲ. ‘ಎಲ್ಲಕ್ಕಿಂತ ಮುಖ್ಯವಾದದ್ದು’ ಗಾಳಿಯಲ್ಲೇ ಉಳಿಯಿತು.

ಕಮಿಷನರು ಬರುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಬೆಳಗ್ಗೆ ನಗರಸಭೆಯ ಸ್ವಚ್ಛತಾ ತಂಡ ಕುಡುಗೋಲು, ಸಲಿಕೆ, ಫಿನಾಯಿಲಿನ ಡಬ್ಬಗಳ ಸಮೇತ ಬಂದಿಳಿಯಿತು. ದೊಡ್ಡ ಸಾಹೇಬರು ಬರುವ ಕಡೆಯೆಲ್ಲ ಕಳೆ ಕಿತ್ತು ಚೊಕ್ಕ ಮಾಡುವುದು ಅವರ ಪದ್ಧತಿ. ಜೊಂಡು ನೋಡಿ ತಂಡದ ಮುಖಂಡನಿಗೆ ಮೈ ಉರಿಯಿತು.

“ಥೂ, ಏನ್ರೀ ಇದು ಕಾಡು! ಎಲ್ಲ ಕಿತ್ತು, ಕಲ್ಲು ತೊಳೆದು, ಸುಣ್ಣ ಬಳಿದ್ಬಿಡ್ತೀವಿ. ಸಾಹೇಬ್ರಿಗೆ ಕಣ್ಣು ತಂಪಾಗ್ಬೇಕು.”

“ಅಯ್ಯೋ, ಅದು ಕಳೆ ಅಲ್ಲ, ಅದೇ ತೋಟ!” ಎಂದು ಅದೇನ್ಮಹಾ ಅಡ್ಡ ಬಂದ. ಅವನ ಗಂಜಿ ಹಾಕಿದ ಅಂಗಿ ಬಿಟ್ಟು ಬೇರೇನೂ ಅವರಿಗೆ ಗಟ್ಟಿಯಾಗಿ ಕಾಣಲಿಲ್ಲ. ಕುಡುಗೋಲುಗಳು ಮೇಲೆದ್ದವು.

ಆಗ ಹಿತ್ತಲ ಬಾಗಿಲು ತೆರೆಯಿತು. ಅತ್ತೆ ಒಂದು ಕೈಯಲ್ಲಿ ಕುರ್ಚಿ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಬಂದು, ಜೊಂಡಿನ ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂತರು. ಕುರ್ಚಿ ಜಲ್ಲಿಯೊಳಗೆ ಒಂದಿಷ್ಟು ಇಳಿಯಿತು. ಅವರು ಇಳಿಯಲಿಲ್ಲ.

“ಅಮ್ಮಾ, ಏಳಿ. ಕ್ಲೀನ್ ಮಾಡ್ಬೇಕು.”

“ಮಾಡಿ. ಮೊದಲು ನನ್ನ ಕಿತ್ತು ಆಮೇಲೆ ಹುಲ್ಲು ಕೀಳಿ.”

“ಅಮ್ಮಾ, ಇದು ಸರ್ಕಾರಿ ಕೆಲಸ!”

“ಇದು ನನ್ನ ಪಂದ್ಯ! ನಮ್ಮ ಅಳಿಯಂದ್ರು ಸೋತ್ರೆ ಅವರ ತೋಟದಿಂದ್ಲೇ ಸೋಲ್ಬೇಕು. ನಿಮ್ಮ ಕುಡುಗೋಲಿಂದ ಸೋತ್ರೆ, ‘ತೋಟ ಇದ್ದಿದ್ರೆ ಗೆಲ್ತಿದ್ದೆ’ ಅಂತ ಜೀವ ಇರೋ ತನಕ ನನ್ನ ಕಿವಿ ತಿಂತಾರೆ. ನಾನು ಅದನ್ನ ಕೇಳ್ತಾ ಕೂರೋಕಾಗಲ್ಲ.”

ಮುಖಂಡ ಇಂಜಿನಿಯರಿಗೆ ಫೋನು ಮಾಡಿದ. ಇಂಜಿನಿಯರರು ಅತ್ತೆಯ ಜೊತೆ ಮಾತಾಡಿದರು. ಅತ್ತೆಯೇ ಹೆಚ್ಚು ಮಾತಾಡಿದರು. ಕೊನೆಗೆ ತಂಡದವರು ತಂದ ಸುಣ್ಣವನ್ನು ಬೇಕರಿಯಮ್ಮನ ಗೋಡೆಗೆ ಬಳಿದು ಹೊರಟುಹೋದರು. ಅತ್ತೆ ಕತ್ತಲಾಗುವ ತನಕ ಕುರ್ಚಿ ಬಿಟ್ಟೇಳಲಿಲ್ಲ. ಅಳಿಯನನ್ನು ಸೋಲಿಸಬೇಕೆಂದೋ, ಕಾಯಬೇಕೆಂದೋ ಆ ಹೊತ್ತಿಗೆ ಅವರಿಗೇ ತಿಳಿಯದಾಗಿತ್ತು ಎಂದು ಕಾಣುತ್ತದೆ.

ಮರುದಿನ ಬೆಳಗಾಗುವ ಹೊತ್ತಿಗೆ ಮಳೆ ಹೊಯ್ಯಿತು. ಋತುವಿನ ಮೊದಲ ಮಳೆ. ಪೇಟೆಯ ಇಡೀ ಬೇಸಿಗೆಯ ಕೊಳೆಯನ್ನೆಲ್ಲ ಹೊತ್ತು ಚರಂಡಿ ಬಂತು. ಸಾಲದ್ದಕ್ಕೆ ಷಡ್ಡಕ ಅದೇ ಮುಂಜಾನೆ, ಎಂದೂ ಇಲ್ಲದ ಉತ್ಸಾಹದಿಂದ, ಡಾಂಬರು ಸಾಗಿಸುವ ಲಾರಿಯೊಂದನ್ನು ತಾನೇ ನಿಂತು ತೊಳೆಸಿದ್ದ. ಕಾಡಿಗೆಯಂಥ ನೀರು ಗುಂಡಿಗೆ ಧುಮುಕಿತು. ಮಳೆ ನಿಂತಿತು. ಶಾಮಿಯಾನ ಎದ್ದಿತು, ಮೈಕು ಬಂತು, ಕಮಿಷನರ ಕಾರು ಬಂತು. ಕಾರಿನ ಇನ್ನೊಂದು ಬಾಗಿಲಿಂದ ದಪ್ಪ ಕನ್ನಡಕದ ಹೆಂಗಸೊಬ್ಬರು ಇಳಿದರು.

ಅದೇನ್ಮಹಾ ಸೊಂಟದಿಂದಲೇ ತಿರುಗಿ ನೋಡಿದ. ಅದೇ ಕನ್ನಡಕ, ಅದೇ ಬೆರಳು!

“ಇವರು ಈ ವಿಷಯದಲ್ಲಿ ದೊಡ್ಡ ವಿಜ್ಞಾನಿಗಳು. ನಿಮ್ಮ ಕೆಲಸ ಪರೀಕ್ಷೆ ಮಾಡೋಕೇ ಬಂದಿದ್ದಾರೆ” ಎಂದು ಕಮಿಷನರು ಪರಿಚಯ ಮಾಡಿಸಿದರು. ಷಡ್ಡಕ ಹೊಸದಾಗಿ ಒಗೆದ ಬಿಳಿ ಸಫಾರಿಯಲ್ಲಿ ಮೊದಲ ಸಾಲಿನಲ್ಲಿ ಕೂತು ಮೀಸೆ ತಿರುವುತ್ತಿದ್ದ. ಅವನ ಪಕ್ಕದಲ್ಲಿ ಅತ್ತೆ. ಅತ್ತೆಯ ಸೊಂಟದಲ್ಲಿ ಬೀಗದ ಕೈ.

ಎಲ್ಲರೂ ಕೊನೆಯ ಕೊಳವೆಯ ಸುತ್ತ ನೆರೆದರು. ಕೊಳವೆ ಒಣಗಿತ್ತು.

“ನೀರೆಲ್ಲಿ?” ಎಂದರು ಕಮಿಷನರು.

“ಒಳಗೆ ಹೋಗಿದೆ ಸಾರ್” ಎಂದರು ಇಂಜಿನಿಯರರು.

“ಒಳಗೆ ಹೋಗಿದ್ದು ನನಗೂ ಕಂಡಿತು. ಹೊರಗೆ?”

ಇಂಜಿನಿಯರರು ಅದೇನ್ಮಹಾನ ಕಡೆ ನೋಡಿದರು, ಅದೇನ್ಮಹಾ ಕೊಳವೆಯ ಕಡೆ ನೋಡಿದ, ಕೊಳವೆ ಯಾರ ಕಡೆಗೂ ನೋಡಲಿಲ್ಲ. ಹೊತ್ತು ತುಂಬಲು ಹೆಡ್‌ಮಾಸ್ಟರರಿಗೆ ಮೈಕು ಕೊಟ್ಟರು. ನಿವೃತ್ತಿಯಾದಂದಿನಿಂದ ಅವರಿಗೆ ಯಾರೂ ಮೈಕು ಕೊಟ್ಟಿರಲಿಲ್ಲ. ಅವರು ಭೂಮಿ ಹುಟ್ಟಿದಲ್ಲಿಂದ ಶುರು ಮಾಡಿದರು. ಭೂಮಿ ತಣ್ಣಗಾಗಿ, ಸಮುದ್ರಗಳು ತುಂಬಿ, ಮೊದಲ ಮೀನು ದಡಕ್ಕೆ ಬರುವ ಹೊತ್ತಿಗೆ ಕಮಿಷನರು ಗಡಿಯಾರ ನೋಡಿಕೊಳ್ಳತೊಡಗಿದರು. ಷಡ್ಡಕ ಎದ್ದು ನಿಂತು, ಎಲ್ಲರಿಗೂ ಕೇಳಿಸುವಂತೆ, “ಅತ್ತೇ, ಬೀಗದ ಕೈ ಈಗ್ಲೇ ಕೊಡ್ತೀರೋ, ಊಟ ಆದ್ಮೇಲೋ?” ಎಂದ.

ಹೆಂಡತಿ ಮಾತ್ರ ಕೊಳವೆಯ ಮುಂದೆ ಮಂಡಿಯೂರಿ ಕೂತಿದ್ದಳು. “ರೀ!” ಎಂದು ಕೂಗಿದಳು. “ಬಂತು ರೀ!”

ಒಂದು ಹನಿ. ಇನ್ನೊಂದು. ಆಮೇಲೆ ಬೆರಳಿನ ಗಾತ್ರದ ಧಾರೆ. ಹೆಂಡತಿ ಗಾಜಿನ ಲೋಟ ಹಿಡಿದು ಬೆಳಕಿಗೆ ಎತ್ತಿದಳು. ಲೋಟದ ಆಚೆ ಕಡೆ ಕಮಿಷನರ ಮುಖ, ಕಣ್ಣರಳಿಸಿದ್ದು, ಸ್ಪಷ್ಟವಾಗಿ ಕಂಡಿತು. ಹೆಡ್‌ಮಾಸ್ಟರರು ಮೀನನ್ನು ದಡದಲ್ಲೇ ಬಿಟ್ಟು ಓಡಿಬಂದರು. ಇಡೀ ಬೀದಿ ಚಪ್ಪಾಳೆ ತಟ್ಟಿತು.

“ಕುಡೀಬೇಡಿ, ಕುಡಿಯೋಕಲ್ಲ ಇದು! ಗಿಡಕ್ಕೆ, ತೊಳೆಯೋಕೆ ಬಳಸಬಹುದು” ಎಂದು ಕನ್ನಡಕದ ಮೇಡಮ್ಮು ಕೂಗಿದರು. ಟೈಲರು ಬಾಯಿಗಿಟ್ಟಿದ್ದ ಬೊಗಸೆಯನ್ನು ಕೆಳಗಿಳಿಸಿದ.

ಅತ್ತೆ ಬಕೆಟ್ಟು, ಸಾಬೂನು, ಅಳಿಯನ ಬಿಳಿ ಅಂಗಿ ಮುಂದಿಟ್ಟರು. ಅದೇನ್ಮಹಾ ತೋಳು ಮಡಿಸಿ, ಇಪ್ಪತ್ತು ವರ್ಷದ ವಿದ್ಯೆಯನ್ನೆಲ್ಲ ಕೈಗೆ ತಂದುಕೊಂಡು, ಕುಕ್ಕಿ, ತಿಕ್ಕಿ, ಹಿಂಡಿ, ಒದರಿ ಎತ್ತಿ ಹಿಡಿದ. ಅಂಗಿ ಬೆಳ್ಳಗೆ ಬೆಳಗಿತು.

ಷಡ್ಡಕ ಸೋಲೊಪ್ಪುವ ಆಸಾಮಿಯಲ್ಲ. “ಅದೇನ್ ಮಹಾ!” ಎಂದುಬಿಟ್ಟ. ಆ ಮಾತು ಬೇರೆಯವರ ಬಾಯಲ್ಲಿ ಕೇಳಿ ಬೀದಿ ಬೆಚ್ಚಿಬಿತ್ತು. “ಮೊದಲೇ ಬೆಳ್ಳಗಿದ್ದ ಅಂಗಿ ಬೆಳ್ಳಗಿದೆ! ಆ ಜೊಂಡಿನೊಳಗೆ ನಲ್ಲಿ ಇಟ್ಟಿದ್ದಾನೆ ಇವನು. ನಾನು ತೋರಿಸ್ತೀನಿ ಬನ್ನಿ!” ಎಂದು ಗುಂಡಿಯ ಅಂಚಿಗೆ ದಾಪುಗಾಲು ಹಾಕಿ ಹೋಗಿ, ಜೊಂಡು ಸರಿಸಲು ಬಾಗಿದ. ಅಂಚು ತೇವಗೊಂಡಿತ್ತು. ಷಡ್ಡಕ ತಾನೇ ತೊಳೆಸಿದ ಡಾಂಬರು ಲಾರಿಯ ನೀರಿನೊಳಕ್ಕೆ, ಎರಡೂ ಕೈ ಮುಂದೆ ಚಾಚಿ, ಧೊಪ್ಪನೆ ಬಿದ್ದ.

ಮೇಸ್ತ್ರಿ, ಟೈಲರು ಸೇರಿ ಎಳೆದು ತೆಗೆದಾಗ ಬೆಳ್ಳಗೆ ಉಳಿದದ್ದು ಅವನ ಹಲ್ಲು ಮಾತ್ರ. ಕೆಲವರು ಕಮಿಷನರ ಮುಖ ನೋಡಿ ನಗಲೋ ಬೇಡವೋ ಎಂದು ಕಾದರು. ಕಮಿಷನರೇ ಮೊದಲು ನಕ್ಕರು.

“ಸಫಾರಿ ಬಿಚ್ಚಣ್ಣಾ” ಎಂದ ಅದೇನ್ಮಹಾ. ಆ ದನಿ ಕೌಂಟರಿನ ದನಿ. ಅದರಲ್ಲಿ ಪಂದ್ಯವಿರಲಿಲ್ಲ, ಪಂಥವಿರಲಿಲ್ಲ, ಕಲೆಯೊಂದೇ ಇತ್ತು. “ಹೂಳು, ಡಾಂಬರು, ಗ್ರೀಸು. ಒಣಗೋಕೆ ಬಿಟ್ರೆ ಬಟ್ಟೆ ಕೆಟ್ಟುಹೋಗುತ್ತೆ.” ಟೈಲರು ತಂದುಕೊಟ್ಟ ಸೀಮೆಎಣ್ಣೆಯಿಂದ ಡಾಂಬರಿನ ಚುಕ್ಕೆಗಳನ್ನು ಒಂದೊಂದಾಗಿ ಒತ್ತಿ ತೆಗೆದ. ಆಮೇಲೆ ಸಾಬೂನು, ಆಮೇಲೆ ಕೊಳವೆಯ ನೀರು, ಮತ್ತೆ ಸಾಬೂನು, ಮತ್ತೆ ಕೊಳವೆಯ ನೀರು. ಸೀಮೆಎಣ್ಣೆಯ ಚಿಂದಿಯನ್ನು ಡಬ್ಬದಲ್ಲಿ ತೆಗೆದಿಟ್ಟು, ಸಾಬೂನಿನ ನೀರನ್ನು ಮಾತ್ರ ಮೊದಲ ಗುಂಡಿಗೇ ಹೊತ್ತು ಹಾಕಿದ. ಕಮಿಷನರಿಂದ ಹಿಡಿದು ಶಾಮಿಯಾನದವನ ತನಕ ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಕೊನೆಗೆ ಅವನು ಸಫಾರಿಯನ್ನು ಒದರಿ ಬಿಸಿಲಿಗೆ ಹಿಡಿದಾಗ ಅದು ಬೆಳಗ್ಗೆ ಮನೆಯಿಂದ ಹೊರಟಾಗ ಇದ್ದದ್ದಕ್ಕಿಂತ ಬೆಳ್ಳಗಿತ್ತು. ಚಪ್ಪಾಳೆಯ ಸದ್ದಿಗೆ ಬೇಕರಿಯಮ್ಮನ ಹೊಸ ಸುಣ್ಣ ಉದುರಿತು.

ಮೇಡಮ್ಮು ಆಗಲೇ ಕಾಲುವೆಯನ್ನು ಒಂದು ಸುತ್ತು ಹಾಕಿ ಬಂದಿದ್ದರು. ಮೈಕಿನ ಮುಂದೆ ನಿಂತು ಬೆರಳೆತ್ತಿದರು. “ಗುಂಡಿ, ಜಲ್ಲಿ, ಜೊಂಡು ಯಾರು ಬೇಕಾದರೂ ಮಾಡ್ತಾರೆ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಏನಪ್ಪಾ ಅಂದರೆ—”

ಕರೆಂಟು ಹೋಯಿತು.

ಮೈಕು ಸತ್ತಿತು. ಹಿಂದಿನ ಸಾಲಿನವರು “ಏನಂತೆ? ಏನಂತೆ?” ಎಂದರು. ಆದರೆ ಈ ಸಲ ಅದೇನ್ಮಹಾ ಅವರಿಂದ ಒಂದು ಮಾರು ದೂರದಲ್ಲಿ ನಿಂತಿದ್ದ. ಸೊಂಟದಿಂದ ಬಾಗಿ ಕಿವಿ ಕೊಟ್ಟ.

“—ನೀರಿಗೆ ಅವಸರ ಮಾಡಬಾರದು” ಎಂದರು ಮೇಡಮ್ಮು. “ಅದು ಸುತ್ತಿ ಸುತ್ತಿ, ಬೇರಿನ ಹತ್ತಿರ ತಂಗಿ ತಂಗಿ ಬರಬೇಕು. ಎಷ್ಟೋ ಕಡೆ ಜನ ಕಾಲುವೆಯನ್ನು ನೆಟ್ಟಗೆ ತೋಡಿ ಕೆಡಿಸಿದ್ದಾರೆ. ಕೊಳೆ ಹಾಗೇ ಓಡಿ ಆಚೆ ಹೋಗುತ್ತೆ. ಇಲ್ಲಿ ಇಷ್ಟು ಚಂದವಾಗಿ ತಿರುವು ಕೊಟ್ಟಿದ್ದೀರಲ್ಲ, ಇದು ಯಾರ ಯೋಚನೆ?”

 ಎಲ್ಲರೂ ಒಟ್ಟಿಗೆ ಬಾಯಿ ತೆರೆದರು.

“ಕಿಟಕಿ ಹತ್ರದ ಎರಡು ತಿರುವು ನಂದು ಮೇಡಮ್! ಕೊಡೆ ಅಡ್ಡ ಹಿಡಿದು ತಿರುಗ್ಸಿದ್ದು ನಾನೇ” ಎಂದರು ಹೆಡ್‌ಮಾಸ್ಟರರು.

“ಗೋಡೆ ಹತ್ರದ್ದು ನಂದು. ಅಳತೆ ನೋಡಿ ಹೇಗಿದೆ!” ಎಂದ ಟೈಲರು.

“ನಾನು ಬೈದೇ ಇದ್ರೆ ಇವರು ನೆಟ್ಟಗೆ ನುಗ್ಗಿಸ್ತಿದ್ರು!” ಎಂದಳು ಬೇಕರಿಯಮ್ಮ.

ಇಂಜಿನಿಯರ್ ಸಾಹೇಬರು ಮುಗುಳ್ನಕ್ಕು, “ಅದರ ಗುಟ್ಟು ನನಗೆ ಆವತ್ತೇ ಗೊತ್ತಿತ್ತು” ಎಂದರು.

ಕಮಿಷನರು ಅದೇನ್ಮಹಾನ ಒದ್ದೆ ಕೈ ಹಿಡಿದು ಕುಲುಕಿದರು. “ದೊಡ್ಡ ಕೆಲಸ ಮಾಡಿದ್ದೀರಿ ಕಣ್ರೀ. ಊರಿನ ಎಲ್ಲ ಚರಂಡಿಗಳಿಗೂ ಇಂಥದ್ದೊಂದು ಮಾಡಿಸ್ತೀನಿ, ನೀವೇ ಮುಂದೆ ನಿಲ್ಲಬೇಕು.”

ಇಡೀ ಬೀದಿ ಅವನ ಬಾಯಿ ನೋಡಿತು. ಆ ಮಾತು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅದೇನ್ಮಹಾ ಬಾಯಿ ತೆರೆದ. ಕೊಳವೆಯ ಪಕ್ಕದಲ್ಲಿ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದದ್ದು ಕಂಡಿತು. 

“ಹೌದು ಸಾರ್” ಎಂದ ಮೆಲ್ಲಗೆ. “ದೊಡ್ಡದೇ.”

ಸಂಜೆ ಮತ್ತೆ ಮಳೆ ಹಿಡಿಯಿತು, ಬೆಳಗಿನದಕ್ಕಿಂತ ಜೋರಾಗಿ. ಮನೆಮಂದಿಯೆಲ್ಲ ಹಿತ್ತಲ ಬಾಗಿಲಲ್ಲಿ ಸಾಲಾಗಿ ನಿಂತು ನೋಡಿದರು. ಕರಿ ನೀರು ಗುಂಡಿಗೆ ಇಳಿಯಿತು, ಜೊಂಡಿನೊಳಗೆ ತಿರುವಿನಿಂದ ತಿರುವಿಗೆ ಸೋಮಾರಿಯಾಗಿ ಹೊರಳಿತು, ಮನೆಯ ಹೊಸ್ತಿಲಿನ ನೆನಪೇ ಇಲ್ಲದಂತೆ ಆಚೆ ತುದಿಗೆ ಹೋಯಿತು. ಸಫಾರಿ ಒಣಗುವ ತನಕ ಷಡ್ಡಕ ಅದೇನ್ಮಹಾನ ಪಾಯಿಜಾಮ ತೊಟ್ಟು, ಕುರ್ಚಿಯಲ್ಲಿ ಮುದುರಿ ಕೂತು ಚಹಾ ಕುಡಿಯುತ್ತಿದ್ದ. ಪಾಯಿಜಾಮ ಅವನಿಗೆ ಮೊಣಕಾಲಿನ ತನಕ ಬರುತ್ತಿತ್ತು.

ಅತ್ತೆ ಹೊಸ್ತಿಲಿಗೆ ಅಡ್ಡವಿದ್ದ ಮರಳಿನ ಮೂಟೆಯನ್ನು ಕಾಲಿನಿಂದ ಅತ್ತ ನೂಕಿದರು. ಸೊಂಟದ ಬೀಗದ ಕೈ ತೆಗೆದು ಕಿರಿಯ ಮಗಳ ಕೈಗಿಟ್ಟರು.

ಷಡ್ಡಕ ಅದನ್ನು ನೋಡಿ, ಚಹಾ ನುಂಗಿ, ಕೊನೆಗೂ ಬಾಯಿ ಬಿಟ್ಟ. “ಏನೇ ಹೇಳಿ ಅತ್ತೇ, ಇವನು ಮಾಡಿದ್ದು ಸಣ್ಣ ಕೆಲಸ ಅಲ್ಲ.”

“ಅದೇನ್ ಮಹಾ!” ಎಂದರು ಅತ್ತೆ, ಬೆನ್ನು ನೇರ ಮಾಡಿಕೊಂಡು. “ನಮ್ಮ ಮನೆ ಅಳಿಯ ಅಲ್ವಾ!”